ಹವಾಲ್ದಾರ್ ಮಂಜುನಾಥನ ಮನೆಯ ಬೀಗ

ಕೊರೊನಾ ಮುಗಿದು ಅಂಗಡಿಗಳ ಶಟರ್‌ಗಳು ಮತ್ತೆ ಪೂರ್ತಿ ಮೇಲೆದ್ದ ಮರುವರ್ಷದ ಮಾತಿದು. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನ ಬೀಗದ ಅಂಗಡಿ ಇದೆ. ಊರಿನಲ್ಲಿ ಎಲ್ಲರೂ ನನ್ನನ್ನು ಬೀಗದ ಬಸಣ್ಣ ಎಂದೇ ಕರೆಯುತ್ತಾರೆ. ಓದಿದ್ದು ಏಳನೆಯ ಕ್ಲಾಸಿನ ಅರ್ಧದವರೆಗೆ. ಮನೆಯಲ್ಲಿ ದುಡಿಯುವ ಕೈ ಬೇಕಾಗಿತ್ತು, ಬಿಟ್ಟೆ. ದಾವಣಗೆರೆಯಲ್ಲಿ ಒಬ್ಬ ಉಸ್ತಾದರ ಬಳಿ ವರ್ಷಗಟ್ಟಲೆ ಅರ ಹಿಡಿದು ಕೀ ತಿಕ್ಕಿ ಈ ಕೆಲಸ ಕಲಿತೆ. ಇವತ್ತು ನನಗೆ ಸ್ವಂತ ಅಂಗಡಿ ಇದೆ, ಸ್ವಂತ ಮನೆ ಇದೆ. ಯಾರ ಮುಂದೆಯೂ ಕೈ ಚಾಚಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ ಎಂದು ಯಾರಾದರೂ ಅಂದರೆ, ಹೌದು, ಜಂಬಕ್ಕೇ ಹೇಳುತ್ತಿದ್ದೇನೆ.

ಉಸ್ತಾದರು ಎರಡು ನಿಯಮ ಹಾಕಿಕೊಟ್ಟಿದ್ದರು. ಒಂದು, ಗುರುತಿಲ್ಲದವರ ಮಾತು ಕೇಳಿ ಯಾರ ಮನೆಯ ಬೀಗವನ್ನೂ ತೆಗೆಯಬಾರದು. ಎರಡು, ಬಾಗಿಲಿನಿಂದ ಬಿಚ್ಚಿದ ಬೀಗವನ್ನು ಬಿಸಾಡಬಾರದು, ಗುಜರಿಗೆ ಹಾಕಬಾರದು. ಅದರ ಯಜಮಾನ ಬಂದು ಕೇಳುವವರೆಗೆ ಅಂಗಡಿಯ ಗೋಡೆಯಲ್ಲಿ ಮೊಳೆಗೆ ನೇತು ಹಾಕಿರಬೇಕು. ನನ್ನ ಅಂಗಡಿಯ ಹಿಂದಿನ ಗೋಡೆಯಲ್ಲಿ ಅಂಥ ಬೀಗಗಳು ಹತ್ತಾರು ಇವೆ. ನೋಡಿದವರು ನಗುತ್ತಾರೆ. ನಗಲಿ.

ನನ್ನ ಕೆಲಸದಲ್ಲಿ ಕೋರ್ಟಿನ ಕೆಲಸವೂ ಒಂದು. ಸಾಲಕ್ಕೆ ಅಡಮಾನವಿಟ್ಟ ಮನೆ ಹರಾಜಾಯಿತು ಎಂದುಕೊಳ್ಳಿ. ಹರಾಜಿನಲ್ಲಿ ಕೊಂಡವರಿಗೆ ಮನೆ ವಶಕ್ಕೆ ಕೊಡಿಸಲು ಕೋರ್ಟಿನಿಂದ ಒಬ್ಬ ನೌಕರ ವಾರಂಟ್ ಹಿಡಿದು ಬರುತ್ತಾರೆ. ಅವರನ್ನು ಅಮೀನರು ಎನ್ನುತ್ತಾರೆ. ಮನೆಗೆ ಬೀಗ ಹಾಕಿದ್ದರೆ ಅದನ್ನು ತೆಗೆಸುವ ಅಧಿಕಾರವನ್ನೂ ಕೋರ್ಟು ಅವರಿಗೆ ಕೊಟ್ಟಿರುತ್ತದೆ. ಆಗ ನನಗೆ ಫೋನ್ ಬರುತ್ತದೆ. ಬೇರೆಯವರು ಸಲಾಕಿ ಹಾಕಿ ಬಾಗಿಲು ಸೀಳುತ್ತಾರೆ. ನಾನು ಬಾಗಿಲಿಗೆ ಒಂದು ಗೀರೂ ಬೀಳದ ಹಾಗೆ ತೆಗೆಯುತ್ತೇನೆ. ಅದಕ್ಕೇ ನನ್ನನ್ನು ಕರೆಯುವುದು.

ಮಂಜುನಾಥ ನನ್ನ ಅಂಗಡಿಗೆ ಮೊದಲು ಬಂದದ್ದು ಗಿರಾಕಿಯಾಗಿ. ಸೊರಬ ತಾಲೂಕಿನಲ್ಲಿ ಕ್ಯಾಸನೂರು ಕಡೆಯ ಹಳ್ಳಿಯವನು, ಸೈನ್ಯದಲ್ಲಿ ಹವಾಲ್ದಾರ. ಹೆಂಡತಿ ಮಕ್ಕಳು ಪೇಟೆಯಲ್ಲಿದ್ದರೆ ಶಾಲೆಗೆ ಅನುಕೂಲ ಎಂದು ಶಿಕಾರಿಪುರದಲ್ಲಿ, ಈಸೂರಿನ ಕಡೆ ಹೋಗುವ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದ. ರಜೆಗೆ ಬಂದಿದ್ದ. ತಾನೇ ನಿಂತು ಮನೆಗೆ ಬಣ್ಣ ಹೊಡೆದಿದ್ದನಂತೆ, ಕೈಯ ಉಗುರಿನಲ್ಲಿ ಇನ್ನೂ ಹಸಿರು ಬಣ್ಣವಿತ್ತು. ಅವನ ಅಪ್ಪನಿಗೆ ಹುಷಾರಿಲ್ಲದ ಕಾರಣ ಹೆಂಡತಿ ಸವಿತಾ ಮಕ್ಕಳನ್ನು ಕರೆದುಕೊಂಡು ಹಳ್ಳಿಗೆ ಹೋಗಿದ್ದಳು, ಮನೆಗೆ ಬೀಗ ಹಾಕಿ ಇಡಬೇಕಾಗಿತ್ತು.

“ಗಟ್ಟಿ ಬೀಗ ಕೊಡಿ ಬಸಣ್ಣ. ನಾನು ಅಲ್ಲಿ ಕಾಯ್ತೀನಲ್ಲ, ಅದಕ್ಕಿಂತ ಸ್ವಲ್ಪ ಜಾಸ್ತಿನೇ ಗಟ್ಟಿ ಇರ್ಬೇಕು.”

“ಅಷ್ಟು ಗಟ್ಟೀದು ನಮ್ಮ ಅಂಗಡ್ಯಾಗಿಲ್ರೀ. ಇದ್ದದ್ರಾಗೆ ಅಡ್ಜಸ್ಟ್ ಮಾಡ್ಕಳ್ರಿ” ಎಂದೆ. ಇಬ್ಬರೂ ನಕ್ಕೆವು.

ನಾನೇ ಹೋಗಿ ಹಾಕಿಕೊಟ್ಟೆ. ಆ ಬಾಗಿಲು ಇನ್ನೂ ನನ್ನ ಕಣ್ಣಿಗೆ ಕಟ್ಟಿದೆ. ಒಳ್ಳೆಯ ಸಾಗುವಾನಿ. ಅವನ ತಂದೆ ತಮ್ಮ ಜಮೀನಿನ ಅಂಚಿನಲ್ಲಿದ್ದ ಮರವನ್ನು ಪರ್ಮಿಷನ್ ತೆಗೆಸಿ ಕಡಿಸಿ, ಕೊಯ್ಯಿಸಿ, ಮಗನ ಮನೆಗೆಂದು ಒಣಗಿಸಿ ಇಟ್ಟಿದ್ದರಂತೆ. ಉಳಿಯ ಕೆಲಸ ಮಾಡುವಾಗ ಮರದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಬೀಗಕ್ಕೆ ಮೂರು ಕೀ. ಒಂದು ಅಪ್ಪನಿಗೆ, ಒಂದು ಹೆಂಡತಿಗೆ. ಮೂರನೆಯದನ್ನು ತನ್ನ ಕೊರಳ ಸರಕ್ಕೆ ಸಿಕ್ಕಿಸಿಕೊಂಡು, “ಇದು ನನ್ನ ಜೊತೆ ಮೇಲೆ ಬರ್ಲಿ” ಎಂದ. ಮೇಲೆ ಎಂದರೆ ಹಿಮದ ಗಡಿ. ಆ ಸಲ ಅವನ ಪೋಸ್ಟಿಂಗ್ ಅಲ್ಲಿಗೆ ಬಿದ್ದಿತ್ತು.

ಮರುವರ್ಷ ಯುಗಾದಿ ಕಳೆದ ಮೇಲೆ ಅಮೀನರ ಫೋನ್ ಬಂತು. ಬಡಾವಣೆಯ ವಿಳಾಸ ಹೇಳಿದಾಗ ನನಗೆ ಹೊಳೆಯಲಿಲ್ಲ. ಹೋಗಿ ನೋಡಿದರೆ ಅದೇ ಹಸಿರು ಬಣ್ಣದ ಮನೆ, ಅದೇ ಸಾಗುವಾನಿ ಬಾಗಿಲು, ನಾನೇ ಹಾಕಿದ ಬೀಗ. ಅಮೀನರು, ಒಬ್ಬ ಪೊಲೀಸ್, ಸಾಕ್ಷಿಗೆಂದು ಕರೆತಂದ ಇಬ್ಬರು ನಿಂತಿದ್ದರು. ಇವರ ಜೊತೆಗೆ ಪೇಟೆಯ ಒಂದು ಫೈನಾನ್ಸಿನ ಮ್ಯಾನೇಜರ್. ಮಂಜುನಾಥ ಮನೆ ಕಟ್ಟಲು ಆ ಫೈನಾನ್ಸಿನಿಂದ ಸಾಲ ತೆಗೆದು, ಅದೇ ಮನೆಯನ್ನು ಅಡಮಾನ ಬರೆದುಕೊಟ್ಟಿದ್ದನಂತೆ. ಕಂತು ನಿಂತಿತು, ದಾವೆ ಬಿತ್ತು, ಡಿಕ್ರಿಯಾಯಿತು, ಮನೆ ಹರಾಜಿಗೆ ಬಂತು. ಬೇರೆ ಯಾರೂ ಕೂಗದ ಹರಾಜಿನಲ್ಲಿ, ಕೋರ್ಟಿನ ಅನುಮತಿ ಪಡೆದು, ಫೈನಾನ್ಸಿನ ಸಾಹುಕಾರನೇ ಅದನ್ನು ಕೊಂಡಿದ್ದ.

ನಾನು ಕೈಚೀಲ ಕೆಳಗಿಡಲಿಲ್ಲ.

“ಸಾರ್, ಇದು ಮಿಲಿಟರಿಯವ್ರ ಮನೆ. ಈ ಬೀಗ ಹಾಕಿದ್ದೇ ನಾನು.”

“ಹಾಕಿದ್ದು ನೀನೇ ಅಂದ್ರೆ ತೆಗೆಯೋದೂ ಸಲೀಸಾತಲ್ಲೋ ಬಸಣ್ಣ” ಎಂದರು ಅಮೀನರು. ಪೊಲೀಸಿನವನು ನಕ್ಕ.

“ಅದಲ್ರೀ. ಅವ್ರು ಬಾರ್ಡರ್‌ನಾಗೆ ಅದಾರೆ. ಇದೆಲ್ಲ ಅವ್ರಿಗೆ ಗೊತ್ತೈತೇನು?”

ಮ್ಯಾನೇಜರ್ ಮುಂದೆ ಬಂದ. “ಮಿಲಿಟರಿ ಅಂತ ನಮಗೂ ಗೊತ್ತು ಕಣಯ್ಯ. ಮಿಲಿಟರಿಯವ್ರಾದ್ರೆ ಸಾಲ ತೀರಿಸಬಾರ್ದು ಅಂತ ಏನಾರ ಐತಾ? ನಿನ್ನ ಕೆಲ್ಸ ನೀ ಮಾಡು, ಬಿಸಿಲಾಗ್ತಿದೆ.”

ಅಮೀನರು ಕೆಟ್ಟವರೇನಲ್ಲ. ನನ್ನನ್ನು ಪಕ್ಕಕ್ಕೆ ಕರೆದು, “ನೋಡು, ನನ್ನ ಕೈಯಾಗೆ ವಾರಂಟ್ ಐತೆ. ಅದರಾಗೆ ಮಿಲಿಟರಿ ಅಂತ ಎಲ್ಲೂ ಬರ್ದಿಲ್ಲ. ನೀನು ತೆಗೀಲಿಲ್ಲ ಅಂದ್ರೆ ಸಲಾಕಿ ತರಸ್ತೀನಿ. ಈ ಬಾಗ್ಲು ಸೀಳಿ ಹೋಗತೈತೆ. ಯಾವ್ದು ಬೇಕು ಹೇಳು” ಎಂದರು.

ಕೋರ್ಟಿನ ಆಜ್ಞೆ, ಕೋರ್ಟಿನ ಮನುಷ್ಯ. ಉಸ್ತಾದರ ನಿಯಮಕ್ಕೆ ಅಲ್ಲಿ ಜಾಗವಿರಲಿಲ್ಲ. ಆ ಬಾಗಿಲು ಉಳಿಯಲಿ ಎಂದು ನಾನೇ ತೆಗೆದೆ. ಒಂದು ಗೀರೂ ಬೀಳಲಿಲ್ಲ. ಒಳಗೆ ಹೋದರೆ ಕಪ್ಪು ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಅವನ ನಂಬರು, ಹೆಸರು. ಗೋಡೆಯಲ್ಲಿ ಯೂನಿಫಾರ್ಮಿನ ಫೋಟೋ. ಮೂಲೆಯಲ್ಲಿ ಗಾಳಿ ಹೋದ ಮಗುವಿನ ಸೈಕಲ್ಲು. ಅಮೀನರು ಒಂದೊಂದನ್ನೂ ಬರೆದುಕೊಳ್ಳುತ್ತಾ ಹೋದರು. ಫೋಟೋದ ಮುಂದೆ ಬಂದಾಗ ಅವರ ಪೆನ್ನು ಸ್ವಲ್ಪ ನಿಂತಿತು. ಆಮೇಲೆ “ಗೋಡೆ ಫೋಟೋ, ಒಂದು” ಎಂದು ಬರೆದರು.

ಮಂಜುನಾಥನ ಬೀಗ ಬಿಚ್ಚಿ, ಫೈನಾನ್ಸಿನವರು ತಂದಿದ್ದ ಬೀಗವನ್ನು ಅದೇ ಜಾಗಕ್ಕೆ ಕೂರಿಸಿದೆ. ಕೂಲಿ ಕೊಟ್ಟರು, ತೆಗೆದುಕೊಂಡೆ. ಹಳೆಯ ಬೀಗವನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುವಾಗ ಮ್ಯಾನೇಜರ್, “ಅದನ್ನ ಯಾಕೆ ಹೊತ್ಕಂಡು ಹೋಗ್ತೀಯ, ಬಿಸಾಕು” ಎಂದ. ನಾನು ಚೀಲದ ಬಾಯಿ ಕಟ್ಟಿದೆ.

ಮರುದಿನ ಅಂಗಡಿ ಮುಚ್ಚಿ ಬಸ್ ಹತ್ತಿದೆ. ಶಿರಾಳಕೊಪ್ಪ, ಸೊರಬ, ಅಲ್ಲಿಂದ ಇನ್ನೊಂದು ಬಸ್. ಹಳ್ಳಿಯಲ್ಲಿ ಮಿಲಿಟರಿ ಮಂಜುನಾಥನ ಮನೆ ಎಂದು ಕೇಳಿದ ತಕ್ಷಣ ತೋರಿಸಿದರು. ಅವನ ತಂದೆ ಈರಪ್ಪಗೌಡರು ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು. ದೊಡ್ಡ ಎಲುಬಿನ ಆಳು, ಆದರೆ ಮೈಯಲ್ಲಿ ಮಾಂಸವಿರಲಿಲ್ಲ. ಶಿಕಾರಿಪುರದಿಂದ ಬಂದೆ, ಬೀಗದ ಕೆಲಸದವನು ಎನ್ನುತ್ತಿದ್ದಂತೆ ಅವರು ಕೈ ಎತ್ತಿದರು.

“ಗೊತ್ತಾಗಿದೆ ಮಾರಾಯ. ಕೂರು. ಸವಿತಾ, ನೀರು ಬೆಲ್ಲ ತಾ.”

ವಿಷಯವನ್ನು ಅವರೇ ಹೇಳಿದರು. ಮಂಜುನಾಥ ತಿಂಗಳು ತಿಂಗಳು ಹಣ ಹಾಕುತ್ತಿದ್ದ. ಇವರು ಅದನ್ನು ತೆಗೆಸಿ ಫೈನಾನ್ಸಿಗೆ ಕೈಯಾರೆ ಕಟ್ಟಿ ಬರುತ್ತಿದ್ದರು. ಒಂದು ಬೇಸಿಗೆಯಲ್ಲಿ ಕಾಡಿಗೆ ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಲು ಹೋಗಿ ಬಂದವರಿಗೆ ಮಂಗನ ಕಾಯಿಲೆ ಹತ್ತಿತು. ಆ ಸೀಮೆಯಲ್ಲಿ ಆ ಜ್ವರದ ಹೆಸರು ಗೊತ್ತಿಲ್ಲದವರಿಲ್ಲ. ಊರು ಬಿಟ್ಟು ದೊಡ್ಡ ಆಸ್ಪತ್ರೆ ಸೇರಿದರು. ಬದುಕಿ ಬಂದರು, ಆದರೆ ನಡೆಯುವ ಶಕ್ತಿ ಬಹಳ ಕಾಲ ಬರಲಿಲ್ಲ. ಕಂತಿಗೆಂದು ಮಗ ಕಳಿಸಿದ ಹಣವೆಲ್ಲ ಅವರ ಹಾಸಿಗೆಗೇ ಹೋಯಿತು. ಜ್ವರ ಬಂದಿತ್ತು ಎಂದಷ್ಟೇ ಮಗನಿಗೆ ಹೇಳಿದ್ದರು. ಯಾವ ಜ್ವರ, ಎಷ್ಟು ಖರ್ಚು ಎಂದು ಹೇಳಿರಲಿಲ್ಲ.

“ಫೈನಾನ್ಸಿನವ್ರು ಏನಂದ್ರು?”

“ಸಾಹುಕಾರ ಮನೆಗೇ ಬಂದಿದ್ದ. ಹಣ್ಣು ತಂದಿದ್ದ. ‘ನೀವು ಮೊದ್ಲು ಹುಷಾರಾಗಿ ಗೌಡ್ರೇ, ಕಂತು ಎಲ್ಲಿಗೆ ಹೋಗ್ತದೆ’ ಅಂದ. ಆಮೇಲೆ ಕೋರ್ಟಿನ ಕಾಗದ ಬಂತು, ಮಗನ ಹೆಸರಿಗೆ. ನಾನೇ ರುಜು ಹಾಕಿ ತಗಂಡೆ. ಫೋನ್ ಮಾಡಿ ಕೇಳಿದ್ದಕ್ಕೆ, ‘ಅದು ಸುಮ್ನೆ ಫಾರ್ಮಾಲಿಟಿ, ಆಡಿಟ್‌ನವರಿಗೆ ತೋರಿಸೋಕೆ’ ಅಂದ. ಸಾಹುಕಾರ ಆಡಿದ ಮಾತು, ನಂಬಿದೆ. ಅಲ್ಲದೆ ಮಿಲಿಟರಿಯವ್ರ ಮನೆ, ಸರ್ಕಾರ ಮುಟ್ಟೋದಿಲ್ಲ ಅಂತ ಧೈರ್ಯ.”

“ಮಂಜಣ್ಣಂಗೆ ಹೇಳಿದ್ರಾ?”

“ಇಲ್ಲ. ನೀನೂ ಹೇಳ್ಬ್ಯಾಡ.”

“ಯಾಕ್ರೀ ಗೌಡ್ರೇ? ರಜಕ್ಕೆ ಬಂದಾಗಲೂ ಹೇಳ್ಲಿಲ್ಲೇನು?”

“ಅಂವ ಬಂದಿದ್ದು ನಾಲ್ಕು ದಿನ ನೆಮ್ಮದಿಯಾಗಿ ಇರೋಕೆ. ಬಣ್ಣ ಹೊಡೀತಾ ಇದ್ದ ಮಾರಾಯ. ಎಂತ ಹೇಳೋದು?” ಅವರ ದನಿ ಗಟ್ಟಿಯಾಯಿತು. “ಅಲ್ಲಿ ಬಂದೂಕು ಹಿಡಿದು ನಿಂತೋನಿಗೆ ಮನೆ ಚಿಂತೆ ಹತ್ತಿದ್ರೆ ಎಚ್ಚರ ತಪ್ತದೆ. ನಮ್ಮ ಊರಲ್ಲಿ ಐದಾರು ಮನೆ ಹುಡುಗ್ರು ಮಿಲಿಟರೀಲಿದಾರೆ. ಯಾರ ಮನೇಲೂ ಫೋನಲ್ಲಿ ಕೆಟ್ಟ ಸುದ್ದಿ ಹೇಳೋ ಪದ್ಧತಿ ಇಲ್ಲ. ಮಳೆ, ಬೆಳೆ, ಮಕ್ಕಳ ಓದು, ಇಷ್ಟೇ.”

ನೀರು ತಂದಿಟ್ಟ ಸವಿತಾ ಬಾಗಿಲ ಸಂದಿಯಲ್ಲೇ ನಿಂತು ಹೇಳಿದಳು: “ಕರು ಹಾಕಿದ್ದು ಹೇಳ್ತೀವಿ ಬಸಣ್ಣ. ಕರು ಸತ್ತಿದ್ದು ಹೇಳೋದಿಲ್ಲ.”

ಅವಳು ಅದನ್ನು ತಮಾಷೆಗೆ ಹೇಳಿದಳೋ, ಮಾವನಿಗೆ ಚುಚ್ಚಲು ಹೇಳಿದಳೋ ನನಗೆ ತಿಳಿಯಲಿಲ್ಲ. ಗೌಡರು ಅವಳ ಕಡೆ ನೋಡಲಿಲ್ಲ. ನನಗೆ ಸಿಟ್ಟು ಬಂದಿತ್ತು. ಆದರೆ ಅವರ ಮನೆ, ಅವರ ಮಗ. ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದು ಎದ್ದು ಬಂದೆ. ಬೀಗವನ್ನು ಹಿಂದಿನ ಗೋಡೆಯ ಮೊಳೆಗೆ ನೇತು ಹಾಕಿದೆ.

ದಸರಾಕ್ಕೆ ಇನ್ನೂ ಸ್ವಲ್ಪ ದಿನವಿರುವಾಗ, ಮಧ್ಯಾಹ್ನ, ಬೆನ್ನಿಗೆ ದೊಡ್ಡ ಬ್ಯಾಗು ಹಾಕಿಕೊಂಡು ಮಂಜುನಾಥ ಅಂಗಡಿಯ ಮುಂದೆ ಬಂದು ನಿಂತ. ಮುಖ ಬಿಸಿಲಿಗೂ ಹಿಮಕ್ಕೂ ಸುಟ್ಟು ಕರಿ ಹಿಡಿದಿತ್ತು. ಶಿವಮೊಗ್ಗದಲ್ಲಿ ರೈಲು ಇಳಿದು, ಹಳ್ಳಿಗೆ ಹೋಗುವ ಮೊದಲು ತನ್ನ ಮನೆಯನ್ನು ನೋಡಿಕೊಂಡು ಹೋಗೋಣವೆಂದು ಶಿಕಾರಿಪುರದಲ್ಲಿ ಇಳಿದಿದ್ದ. ಕೊರಳ ಸರದಿಂದ ಕೀ ಬಿಚ್ಚಿ ಕೌಂಟರಿನ ಮೇಲಿಟ್ಟ.

“ಬಸಣ್ಣ, ನಿಮ್ಮ ಬೀಗ ಕೈ ಕೊಡ್ತು ನೋಡಿ. ಕೀ ಒಳಗೇ ಹೋಗ್ತಿಲ್ಲ. ಗಟ್ಟಿ ಅಂತ ಕೊಟ್ರಿ, ನನಗೇ ಗಟ್ಟಿ ಆಯ್ತಲ್ಲ!”

ಅವನು ನಗುತ್ತಿದ್ದ. ನಾನು ಹಿಂದಿನ ಗೋಡೆಯಿಂದ ಬೀಗ ತೆಗೆದು ತಂದು ಅವನ ಕೀಯ ಪಕ್ಕದಲ್ಲಿಟ್ಟೆ.

“ಇದಕ್ಕೆ ಹಾಕಿ ನೋಡ್ರಿ.”

ಹಾಕಿದ. ತಿರುಗಿತು. ಬೆಣ್ಣೆಯ ಹಾಗೆ ತಿರುಗಿತು. ಅವನ ನಗು ಅರ್ಧಕ್ಕೆ ನಿಂತಿತು.

“ಇದು ನನ್ನ ಬೀಗ. ಹಾಗಾದ್ರೆ ಮನೆ ಬಾಗಿಲಲ್ಲಿರೋದು?”

“ಅದು ಫೈನಾನ್ಸಿನವ್ರದ್ದು. ಅದನ್ನೂ ನಾನೇ ಹಾಕಿದ್ದು.”

ಸ್ಟೂಲ್ ಕೊಟ್ಟೆ, ಕೂತ. ಮನೆ ಹರಾಜಾದದ್ದು, ನಾನು ಬೀಗ ತೆಗೆದದ್ದು ಹೇಳಿದೆ. ಅವನು ಬೈಯಲಿಲ್ಲ, ಕೂಗಾಡಲಿಲ್ಲ. ಕೊನೆಗೆ ಕೇಳಿದ.

“ಅಪ್ಪಂಗೆ ಗೊತ್ತಾ?”

“ಗೊತ್ತು.”

“ಸವಿತಂಗೆ?”

“ಗೊತ್ತು.”

“ನಿಮಗೆ ಗೊತ್ತು. ಫೈನಾನ್ಸಿಗೆ ಗೊತ್ತು, ಕೋರ್ಟಿಗೆ ಗೊತ್ತು, ಪೊಲೀಸ್‌ಗೆ ಗೊತ್ತು. ಎಲ್ಲರಿಗೂ ಗೊತ್ತು. ಮನೆ ಮಾತ್ರ ನಂದು.”

ನಾನು ಬೀಗವನ್ನು ಮತ್ತೆ ಮೊಳೆಗೆ ಹಾಕಿದೆ.

ಪೇಟೆಯಲ್ಲಿ ಒಬ್ಬ ವಕೀಲೆ ಇದ್ದರು. ಅವರ ಆಫೀಸಿನ ಬೀರುವಿನ ಬೀಗ ಕೆಟ್ಟಾಗಲೆಲ್ಲ ನಾನೇ ಸರಿಮಾಡಿಕೊಡುತ್ತಿದ್ದೆ. ಸಂಜೆಯೇ ಅವನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅವರು ಕೋರ್ಟಿನಿಂದ ದಾವೆಯ ನಕಲು ತೆಗೆಸಿ, ಓದಿ, ನಮ್ಮಿಬ್ಬರನ್ನೂ ಮತ್ತೆ ಕರೆಸಿದರು. ಅವರು ಅವತ್ತು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಇಲ್ಲಿ ಬರೆಯುತ್ತೇನೆ.

ಸೈನಿಕರ ವ್ಯಾಜ್ಯಗಳಿಗೆಂದೇ ಬ್ರಿಟಿಷರ ಕಾಲದಿಂದ ಒಂದು ಕಾಯ್ದೆ ಇದೆ, ಈಗಲೂ ಜಾರಿಯಲ್ಲಿದೆ. ಸೈನಿಕನು ಯುದ್ಧದಲ್ಲೋ, ಸರ್ಕಾರ ಗೊತ್ತುಮಾಡಿದ ಕಠಿಣ ಜಾಗದಲ್ಲೋ ಸೇವೆಯಲ್ಲಿದ್ದರೆ, ಅವನು ಕೋರ್ಟಿಗೆ ಬಂದು ತನ್ನ ಪರ ಹೇಳಿಕೊಳ್ಳಲು ಸಾಧ್ಯವಾಗುವವರೆಗೆ ಅವನ ಮೇಲಿನ ದಾವೆಯನ್ನು ತಡೆದಿಡಬಹುದು. ದಾವೆ ಹಾಕುವವನಿಗೆ ಎದುರಾಳಿ ಇಂಥ ಸೈನಿಕ ಎಂದು ಗೊತ್ತಿದ್ದರೆ ಅದನ್ನು ದಾವೆಯಲ್ಲೇ ಹೇಳಬೇಕು. ಸಮನ್ಸು ಮನೆಗೆ ಹೋದರೆ ಸಾಲದು, ಅವನ ಕಮಾಂಡಿಂಗ್ ಆಫೀಸರ್ ಮೂಲಕ ಹೋಗಬೇಕು. ರಜೆ ಸಿಗದಿದ್ದರೆ ಅವನು ತನ್ನ ಪರವಾಗಿ ನಡೆಸಲು ಇನ್ನೊಬ್ಬರಿಗೆ ಅಧಿಕಾರ ಬರೆದುಕೊಡಬಹುದು. ಅವನು ಅಲ್ಲಿದ್ದಾಗ ಅವನ ಬೆನ್ನ ಹಿಂದೆ ಡಿಕ್ರಿಯಾಗಿದ್ದರೆ ಅದನ್ನು ತೆಗೆದುಹಾಕಿ ಎಂದು ಆಮೇಲೆ ಕೇಳಬಹುದು.

“ಒಂದು ಮಾತು ನೆನಪಿರಲಿ ಮಂಜುನಾಥ್. ಇದು ಸಾಲ ಮನ್ನಾ ಅಲ್ಲ. ಸಾಲ ಸಾಲವೇ. ಕಾನೂನು ಹೇಳೋದು ಇಷ್ಟೇ, ಅವನು ಬರೋವರೆಗೆ ಕಾಯಿರಿ ಅಂತ” ಎಂದರು ವಕೀಲರು. ಆಮೇಲೆ ದಾವೆಯ ಮೊದಲ ಪುಟವನ್ನು ಅವನ ಕಡೆ ತಿರುಗಿಸಿದರು. “ನಿಮ್ಮ ಉದ್ಯೋಗ ಏನು ಬರೆದಿದಾರೆ, ಓದಿ.”

“ವ್ಯವಸಾಯ” ಎಂದು ಓದಿದ ಮಂಜುನಾಥ.

ನಮ್ಮ ಕಡೆ ಯಾರ ಹೆಸರಿನ ಮುಂದೆ ವ್ಯವಸಾಯ ಎಂದು ಬರೆದರೂ ಯಾರೂ ಎರಡನೇ ಸಲ ನೋಡುವುದಿಲ್ಲ. ಹಳ್ಳಿಯ ವಿಳಾಸ, ಗೌಡರ ಮಗ, ವ್ಯವಸಾಯ. ಎಲ್ಲಿಯೂ ಎಡವುವುದಿಲ್ಲ. ಕೋರ್ಟು ಹಳ್ಳಿಗೆ ಸಮನ್ಸು ಕಳಿಸಿತು, ಅಪ್ಪ ರುಜು ಹಾಕಿದರು, ಮಗ ಬರಲಿಲ್ಲ, ಏಕಪಕ್ಷೀಯವಾಗಿ ಡಿಕ್ರಿಯಾಯಿತು. ಆದರೆ ಅದೇ ಫೈನಾನ್ಸು ಸಾಲ ಕೊಡುವಾಗ ಅವನ ಸೈನ್ಯದ ಸಂಬಳದ ಚೀಟಿ ಇಸಿದುಕೊಂಡಿತ್ತು. ಆ ಸಂಬಳದ ಧೈರ್ಯದ ಮೇಲೇ ಸಾಲ ಕೊಟ್ಟಿತ್ತು. ದುಡ್ಡು ಕೊಡುವಾಗ ಹವಾಲ್ದಾರ, ದಾವೆ ಹಾಕುವಾಗ ಬೇಸಾಯಗಾರ. ಹಣ್ಣು ತಂದು ಕೊಟ್ಟ ಸಾಹುಕಾರನ ಬುದ್ಧಿ ಇದು. ಇಂಥವರನ್ನು ಊರಿನವರು ಈಗಲೂ ಎದ್ದು ನಿಂತು ಮಾತಾಡಿಸುತ್ತಾರೆ.

ಮಗನ ಪರವಾಗಿ ಕೇಸು ನಡೆಸುವ ಅಧಿಕಾರ ಪತ್ರಕ್ಕೆ ರುಜು ಹಾಕಲು ಗೌಡರನ್ನು ಕರೆಸಿದ ದಿನ ನಾನೂ ಅಲ್ಲಿದ್ದೆ. ಅಪ್ಪ ಮಗ ಎದುರುಬದುರು ಕೂತಿದ್ದರು.

“ಅಪ್ಪ, ಒಂದು ಮಾತು ಹೇಳಿದ್ರೆ ಸಾಕಿತ್ತು. ನಮ್ಮ ಯೂನಿಟ್ಟಿಂದ ಒಂದು ಕಾಗದ ಬಂದು ಎಲ್ಲ ಅಲ್ಲಿಗೇ ನಿಲ್ತಿತ್ತು.”

“ನಿನ್ನ ತಲೆ ಕೆಡೋದು ಬ್ಯಾಡ ಅಂತ ಮಾಡಿದೆ ಮಗ.”

“ನನ್ನ ತಲೆ ಕಾಯೋಕೆ ಹೋಗಿ ಮನೆ ಕಳೆದ್ರಿ.”

ಗೌಡರು ಪೆನ್ನು ಹಿಡಿದು, ಎಲ್ಲಿ ರುಜು ಎಂದು ವಕೀಲರನ್ನು ಕೇಳಿದರು. ಆ ರಜೆಯಲ್ಲಿ ಅವರಿಬ್ಬರೂ ಮತ್ತೆ ಮಾತಾಡಲಿಲ್ಲವಂತೆ. ಸವಿತಾ ಹೇಳಿದ್ದು.

ರಜೆ ಮುಗಿದು ಮಂಜುನಾಥ ಹೋದ. ಕೇಸು ನಡೆಯಿತು. ಅವನು ಅಂಥ ಜಾಗದಲ್ಲಿ ಸೇವೆಯಲ್ಲಿದ್ದ ಎಂಬ ಸರ್ಟಿಫಿಕೇಟು ಸೈನ್ಯದಿಂದ ಬಂತು. ಅದಕ್ಕೆ ಯಾರಿಗೂ ಎದುರಾಡಲಾಗಲಿಲ್ಲ. ಸಾಹುಕಾರನ ವಕೀಲರು ಹಿಡಿದ ವಾದ ಬೇರೆ: ಅವನು ಇನ್ನೂ ಸೇವೆಯಲ್ಲಿದ್ದಾನೆಂದು ದಾವೆ ಹಾಕುವಾಗ ನಮಗೆ ಗೊತ್ತೇ ಇರಲಿಲ್ಲ, ನಿವೃತ್ತನಾಗಿ ಬೇಸಾಯಕ್ಕೆ ಬಂದಿದ್ದಾನೆ ಎಂದುಕೊಂಡಿದ್ದೆವು ಎಂದು. ಆಗ ವಕೀಲೆ ನನ್ನನ್ನು ಸಾಕ್ಷಿಗೆ ಕರೆದರು. ಬೀಗ ತೆಗೆದ ದಿನ ಮ್ಯಾನೇಜರ್ ಆಡಿದ ಮಾತನ್ನು ನಾನು ಕೋರ್ಟಿನಲ್ಲಿ ಹೇಳಿದೆ. ಎದುರು ವಕೀಲರು ಎದ್ದರು.

“ಎಷ್ಟು ಓದಿದೀರಿ?”

“ಏಳನೇ ಕ್ಲಾಸು, ಅರ್ಧ.”

“ಅಷ್ಟು ಜನರ ಮಧ್ಯೆ ಯಾರು ಏನಂದ್ರು ಅಂತ ನಿಮಗೆ ಅಕ್ಷರಶಃ ನೆನಪಿದೆ?”

“ಕಿವಿ ಕೇಳೋಕೆ ಎಷ್ಟನೇ ಕ್ಲಾಸು ಓದಿರಬೇಕು ಸ್ವಾಮಿ?”

ಕೋರ್ಟಿನಲ್ಲಿ ಒಂದಿಬ್ಬರು ನಕ್ಕರು. ಆದರೆ ಅವರೂ ಪಳಗಿದ ವಕೀಲರು. “ಮಿಲಿಟರಿಯವರ ಮನೆ ಅಂತ ಗೊತ್ತಿದ್ದೂ ಬೀಗ ತೆಗೆದಿರಿ. ಕೂಲಿ ತಗೊಂಡಿರಿ. ಹೌದೋ ಅಲ್ಲವೋ?” ಎಂದರು.

“ಹೌದು. ಕೆಲ್ಸ ಮಾಡಿದೆ, ಕೂಲಿ ತಗೊಂಡೆ.”

“ಅಷ್ಟೇ” ಎಂದು ಅವರು ಕೂತರು. ಅಮೀನರನ್ನೂ ಕರೆಸಿದ್ದರು. ಮ್ಯಾನೇಜರ್ ಹಾಗೆ ಅಂದದ್ದು ನಿಜ ಎಂದು ಅವರು ತಲೆ ತಗ್ಗಿಸಿಕೊಂಡು ಹೇಳಿದರು. ಅವರಿಗೆ ಆ ಗೋಡೆಯ ಫೋಟೋ ನೆನಪಿತ್ತೋ ಏನೋ.

ಮತ್ತೊಂದು ಮಳೆಗಾಲ ಕಳೆದ ಮೇಲೆ ಆದೇಶವಾಯಿತು. ಡಿಕ್ರಿ ರದ್ದು, ಹರಾಜು ರದ್ದು. ಬಾಕಿ ಕಂತನ್ನು ಮಂಜುನಾಥ ಕಟ್ಟಬೇಕು, ಫೈನಾನ್ಸು ಮನೆ ಬಿಟ್ಟುಕೊಡಬೇಕು, ವಿಷಯ ಮುಚ್ಚಿಟ್ಟದ್ದಕ್ಕೆ ಇಂತಿಷ್ಟು ಪರಿಹಾರ ಕೊಡಬೇಕು. ವಕೀಲೆಯ ಮುಖ ಅರಳಿತ್ತು. ಗೌಡರು ಕೋರ್ಟಿನ ಮೆಟ್ಟಿಲ ಮೇಲೆ ಕೂತು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. ನನಗೆ ಅಂದೇ, “ಬೀಗ ಇಟ್ಟಿದೀಯಲ್ಲ? ಅದನ್ನೇ ತಾ. ನಿನ್ನ ಕೈಯಲ್ಲೇ ಹಾಕ್ಬೇಕು” ಎಂದರು.

ಮನೆ ವಶಕ್ಕೆ ಕೊಡುವ ದಿನ ಅದೇ ಅಮೀನರು, ಅದೇ ರಸ್ತೆ. ನಾನು ಬೀಗಕ್ಕೆ ಎಣ್ಣೆ ಹಾಕಿ, ಒರೆಸಿ, ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ಗೌಡರು, ಸವಿತಾ ಹಳ್ಳಿಯಿಂದ ಬಂದಿದ್ದರು. ಫೈನಾನ್ಸಿನಿಂದ ಯಾರೂ ಬಂದಿರಲಿಲ್ಲ.

ಮನೆಗೆ ಬಾಗಿಲಿರಲಿಲ್ಲ.

ಬಾಗಿಲಷ್ಟೇ ಅಲ್ಲ, ಚೌಕಟ್ಟನ್ನೂ ಕಿತ್ತಿದ್ದರು. ಗೋಡೆಯಲ್ಲಿ ಇಟ್ಟಿಗೆ ಕಾಣುವ ದೊಡ್ಡ ತೂತು. ಕಿಟಕಿಗಳ ರೆಕ್ಕೆ ಇಲ್ಲ, ಒಳಗಿನ ಕಪ್ಪು ಟ್ರಂಕು ಇಲ್ಲ. ಮನೆಯನ್ನು ಮಾರಬಾರದು ಎಂದು ಕೋರ್ಟು ಮೊದಲೇ ತಡೆ ಕೊಟ್ಟಿತ್ತು. ಅದಕ್ಕೆ ಮನೆಯನ್ನು ಮಾರಲಿಲ್ಲ, ಬಿಡಿಬಿಡಿಯಾಗಿ ತೆಗೆದುಕೊಂಡು ಹೋದರು. ಆಮೇಲೆ ಕೇಳಿದ್ದಕ್ಕೆ, ಕಳ್ಳರ ಕೆಲಸವಿರಬೇಕು ಎಂದರಂತೆ. ಕೋರ್ಟು ಕೊಡಿಸಿದ ಪರಿಹಾರ ಅಂಥ ಬಾಗಿಲಿನ ಒಂದು ರೆಕ್ಕೆಗೂ ಸಾಲುತ್ತಿರಲಿಲ್ಲ. ಕೊಟ್ಟರೂ ಆ ಮರ ಎಲ್ಲಿಂದ ತರುವುದು? ವಶಕ್ಕೆ ಕೊಟ್ಟದ್ದಕ್ಕೆ ಅಮೀನರು ರುಜು ಮಾಡಿಸಿಕೊಂಡರು. ಕೋರ್ಟಿನ ಕೆಲಸ ಮುಗಿಯಿತು.

ಅಷ್ಟರಲ್ಲಿ ಗೌಡರ ಫೋನ್ ರಿಂಗಾಯಿತು. ಮಂಜುನಾಥ. ಎಷ್ಟೋ ದಿನದ ಮೇಲೆ ಮಗ ಅಪ್ಪನಿಗೆ ನೇರವಾಗಿ ಮಾಡಿದ ಫೋನ್. ಗೌಡರು ಹೊಸ್ತಿಲಿದ್ದ ಜಾಗದಲ್ಲಿ ನಿಂತುಕೊಂಡೇ ಮಾತಾಡಿದರು.

“ಹೂಂ ಮಗ, ಸಿಕ್ತು. ಎಲ್ಲ ಚೆನ್ನಾಗಿದೆ. ಬಾಗಿಲು ಹಾಗೇ ಇದೆ, ಗಟ್ಟಿ ಇದೆ. ಬಸಣ್ಣ ಹಳೇ ಬೀಗನೇ ಹಾಕ್ತಾ ಇದಾನೆ.”

ನನ್ನ ಕಡೆ ನೋಡಿದರು. ಬೀಗ ನನ್ನ ಕೈಯಲ್ಲೇ ಇತ್ತು. ಇಷ್ಟೆಲ್ಲ ಆದ ಮೇಲೂ! ಒಂದು ಮನೆ ಕಳೆದು, ಅರ್ಧ ಮನೆ ವಾಪಸ್ ಬಂದ ಮೇಲೂ! ನಾನು ಬಾಯಿ ತೆರೆಯುವಷ್ಟರಲ್ಲಿ ಸವಿತಾ ಮುಂದೆ ಬಂದು ಮಾವನ ಕೈಯಿಂದ ಫೋನ್ ತೆಗೆದುಕೊಂಡಳು. ಅವರ ಎದುರು ಅವಳು ತಲೆಯ ಮೇಲಿನ ಸೆರಗು ಜಾರಲು ಬಿಟ್ಟದ್ದನ್ನೂ ನಾನು ನೋಡಿರಲಿಲ್ಲ.

“ಸುಳ್ಳು ರೀ. ಬಾಗಿಲಿಲ್ಲ. ಚೌಕಟ್ಟು ಇಲ್ಲ. ನಿಮ್ಮ ಟ್ರಂಕೂ ಇಲ್ಲ. ಗೋಡೆ ಇದೆ ಅಷ್ಟೆ. ಇನ್ನು ಮೇಲೆ ಏನಿದ್ರೂ ನಂಗೇ ಕೇಳಿ, ನಾ ಹೇಳ್ತೀನಿ.”

ಗೌಡರು ಅವಳನ್ನು ಗದರಲಿಲ್ಲ. ಮೆಲ್ಲಗೆ ಬಗ್ಗಿ, ಬಾಗಿಲಿದ್ದ ಜಾಗದ ಇಟ್ಟಿಗೆಗಳ ಮೇಲೆ ರಸ್ತೆಗೆ ಮುಖ ಮಾಡಿ ಕೂತುಬಿಟ್ಟರು. ಸವಿತಾ ಫೋನನ್ನು ನನ್ನ ಕೈಗೆ ಕೊಟ್ಟಳು.

“ಬಸಣ್ಣ, ಬೀಗ ನಿಮ್ಮ ಹತ್ರನೇ ಇರ್ಲಿ” ಎಂದ ಮಂಜುನಾಥ. ಹಿಂದೆ ಗಾಳಿಯ ಸದ್ದು ಜೋರಾಗಿತ್ತು. ಇನ್ನೇನೋ ಹೇಳಿದ, ಕೇಳಿಸಲಿಲ್ಲ, ಲೈನ್ ಹೋಯಿತು.

ಬಾಕಿ ಕಂತು ಕಟ್ಟುವುದರಲ್ಲೇ ಅವನ ಸಂಬಳ ಸವೆಯುತ್ತಿದೆ. ಬಾಗಿಲಿನ ಜಾಗಕ್ಕೆ ಸದ್ಯ ತಗಡು ಹೊಡೆದಿದ್ದಾರೆ. ತಗಡಿಗೆ ಆ ಬೀಗ ಕೂರುವುದಿಲ್ಲ. ಅದು ನನ್ನ ಅಂಗಡಿಯ ಮೊಳೆಯಲ್ಲೇ ಇದೆ.

ಈ ಕೆಲಸ ನನಗೆ ಕಲಿಸಿದ ಪಾಠವೇನು ಎಂದು ಯಾರಾದರೂ ಕೇಳಿದರೆ, ದೊಡ್ಡದೇನಲ್ಲ. ಬಡವನ ಪರವಾಗಿ, ದೂರದಲ್ಲಿರುವವನ ಪರವಾಗಿ ಕಾನೂನು ಇದೆ. ಆದರೆ ಅದು ತಾನಾಗಿ ಎದ್ದು ಬಂದು ಮಾತಾಡುವುದಿಲ್ಲ. ಗೊತ್ತಿರುವವರೆಲ್ಲ ಬಾಯಿ ಮುಚ್ಚಿಕೊಂಡಿದ್ದರೆ ಅದೂ ಮುಚ್ಚಿಕೊಂಡಿರುತ್ತದೆ. ಕೆಲವರು ಲಾಭಕ್ಕೆ ಮುಚ್ಚಿಕೊಳ್ಳುತ್ತಾರೆ, ಕೆಲವರು ಪ್ರೀತಿಗೆ. ಮನೆ ಎರಡರಲ್ಲೂ ಹೋಗುತ್ತದೆ.

ಹಾಗಾಗಿ ಉಸ್ತಾದರ ಎರಡು ನಿಯಮಗಳಿಗೆ ನಾನು ಮೂರನೆಯದೊಂದನ್ನು ಸೇರಿಸಿಕೊಂಡಿದ್ದೇನೆ. ಅಮೀನರ ಜೊತೆ ಯಾವ ಮನೆಗೆ ಹೋದರೂ ಚೀಲ ಬಿಚ್ಚುವ ಮೊದಲು ರಸ್ತೆಗೆ ತಿರುಗಿ, ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುವ ಹಾಗೆ ಕೂಗುತ್ತೇನೆ: “ಈ ಮನೆಯವ್ರು ಯಾರಾದ್ರೂ ಮಿಲಿಟರಿಯಾಗದಾರೇನ್ರೀ?” ಅಮೀನರು, “ಮತ್ತೆ ಶುರು ಮಾಡಿದೆಯೇನೋ” ಎಂದು ಗೊಣಗುತ್ತಾರೆ. ಗೊಣಗಲಿ. ಯಾರಾದರೂ ಕಿಟಕಿ ತೆಗೆದು ಇಲ್ಲ ಎನ್ನುವವರೆಗೆ ನಾನು ಬೀಗ ಮುಟ್ಟುವುದಿಲ್ಲ.